ಹೇಳಿದ ಮಾತು ಕೇಳದ ಹುಡುಗಿ

ದಸರಾ ರಜೆಗೆಂದು ಬಂದಿದ್ದ ಮಗಳು ಒಂದು ಸಂಜೆ ತನ್ನ ಲ್ಯಾಪ್‌ಟಾಪನ್ನು ನಮ್ಮ ಟಿ.ವಿ.ಗೆ ಜೋಡಿಸಿ, “ಅಮ್ಮಾ, ಇವತ್ತೊಂದು ದಿನ ನಿನ್ನ ಸೀರಿಯಲ್ ಬಿಡು. ಇದನ್ನ ನೋಡು, ಅಜ್ಜಿ ಕಥೆ ಇದ್ದ ಹಾಗಿದೆ,” ಎಂದಳು. ಅಜ್ಜಿ ಕಥೆ ಎಂದದ್ದೇ ತಡ, ಒಳಗೆ ಹುರುಳಿಕಾಯಿ ಸೋಸುತ್ತಿದ್ದ ನಮ್ಮ ಅತ್ತಿಗೆ ಮೊರದ ಸಮೇತ ಬಂದು ಕೂತರು. ಇವರು ನಮ್ಮ ಯಜಮಾನರ ಅಕ್ಕ. ಎಪ್ಪತ್ತೆಂಟು ವರ್ಷ. ಓದಿದ್ದು ನಾಲ್ಕನೆಯ ಇಯತ್ತೆ. ಪೇಪರು ಹಿಂದಿರುಗಿಸಲು ಬಂದ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಕಾಫಿಗೆಂದು ಕೂತವರು, ಲೋಟ ಬರಿದಾದರೂ ಏಳಲಿಲ್ಲ.

ಹೀಗೆ ನಾವು ನಾಲ್ವರು ಕೂತು ನೋಡಿದ್ದು ‘ಪ್ಯಾನ್ಸ್ ಲ್ಯಾಬಿರಿಂತ್’ ಎಂಬ ಸ್ಪ್ಯಾನಿಷ್ ಚಿತ್ರ. ಮೆಕ್ಸಿಕೊ ದೇಶದ ಗಿಯೆರ್ಮೊ ದೆಲ್ ತೊರೊ ಬರೆದು ನಿರ್ದೇಶಿಸಿದ್ದು. 2006ರಲ್ಲಿ ತೆರೆಕಂಡು, ಮರುವರ್ಷ ಮೂರು ಆಸ್ಕರ್ ಪ್ರಶಸ್ತಿ ಪಡೆದದ್ದು. ಮಾತು ಅರ್ಥವಾಗದ ಕಡೆ ಮಗಳು ಅತ್ತಿಗೆಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಚಿತ್ರ ಮುಗಿಯಿತು. ನನಗೆ ಗಂಟಲು ಕಟ್ಟಿತ್ತು. ಆಗ ಮೇಷ್ಟ್ರು ಶಲ್ಯ ಕೊಡವಿಕೊಂಡು ಎದ್ದು ನಿಂತು ಒಂದು ಮಾತು ಹೇಳಿದರು: “ನೋಡಿದಿರಾ ಟೀಚರ್, ಹಿರಿಯರು ಹೇಳಿದ ಮಾತು ಕೇಳದಿದ್ದರೆ ಮಕ್ಕಳ ಗತಿ ಏನಾಗತ್ತೆ ಅಂತ ಚೆನ್ನಾಗಿ ತೋರಿಸಿದ್ದಾನೆ.”

ಈ ಲೇಖನ ಆ ಒಂದು ಮಾತಿಗೆ ನನ್ನ ಉತ್ತರ. ಆವತ್ತು ಅವರೆದುರು ನಾನು ಏನೂ ಹೇಳಲಿಲ್ಲ. ಹಿರಿಯರಿಗೆ ಎದುರು ಮಾತಾಡಬಾರದು ಎಂದು ನನಗೂ ಕಲಿಸಿದ್ದಾರಲ್ಲ!

ಮೊದಲು ಕಥೆ ಹೇಳಿಬಿಡುತ್ತೇನೆ. 1944ರ ಸ್ಪೇನ್. 1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಲ್ಲಿ ಗೆದ್ದ ಜನರಲ್ ಫ್ರಾಂಕೊನ ಸೈನ್ಯ, ಕಾಡುಮೇಡುಗಳಲ್ಲಿ ಉಳಿದುಕೊಂಡ ಬಂಡುಕೋರರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ. ಒಫೇಲಿಯಾ ಎಂಬ ಪುಟ್ಟ ಹುಡುಗಿ ತನ್ನ ತುಂಬು ಗರ್ಭಿಣಿ ತಾಯಿ ಕಾರ್ಮೆನ್ ಜೊತೆ ಕಾಡಂಚಿನ ಒಂದು ಹಳೆಯ ಗಿರಣಿಗೆ ಬರುತ್ತಾಳೆ. ಅಪ್ಪ ದರ್ಜಿ, ಯುದ್ಧದಲ್ಲಿ ತೀರಿಕೊಂಡವನು. ತಾಯಿ ಮರುಮದುವೆಯಾಗಿರುವುದು ಆ ಗಿರಣಿಯಲ್ಲಿ ಠಾಣೆ ಹೂಡಿರುವ ಕ್ಯಾಪ್ಟನ್ ವಿದಾಲ್ ಎಂಬ ಕ್ರೂರಿಯನ್ನು. ಕಾರಿನಿಂದ ಇಳಿದ ಹುಡುಗಿ ಕಥೆಪುಸ್ತಕಗಳನ್ನು ಎದೆಗವಚಿಕೊಂಡು ಎಡಗೈ ಚಾಚಿದರೆ, ಆತ ಆ ಕೈಯನ್ನು ಹಿಸುಕಿ ಹಿಡಿದು, ಕೊಡಬೇಕಾದದ್ದು ಇನ್ನೊಂದು ಕೈ ಎಂದು ತಿದ್ದುತ್ತಾನೆ. ಮೊದಲ ಭೇಟಿಯಲ್ಲೇ ಪಾಠ!

ಗಿರಣಿಯ ಪಕ್ಕದಲ್ಲಿ ಕಲ್ಲಿನ ಗೋಡೆಗಳ ಹಳೆಯ ಸುತ್ತುದಾರಿಯೊಂದಿದೆ. ನಮ್ಮ ಚಕ್ರವ್ಯೂಹ ಇದ್ದ ಹಾಗೆ ಎನ್ನಿ. ಅದರ ನಡುವಿನ ಬಾವಿಯಲ್ಲಿ ಅರ್ಧ ಮೇಕೆ, ಅರ್ಧ ಮನುಷ್ಯನಂಥ ಒಂದು ಪ್ರಾಣಿ. ನೀನು ಪಾತಾಳ ಲೋಕದ ರಾಜಕುಮಾರಿ, ಹುಣ್ಣಿಮೆಯೊಳಗೆ ಮೂರು ಪರೀಕ್ಷೆ ಗೆದ್ದರೆ ನಿನ್ನ ಮನೆಗೆ ನೀನು ಹಿಂದಿರುಗಬಹುದು ಎಂದು ಅದು ಹುಡುಗಿಗೆ ಹೇಳುತ್ತದೆ. ಮೊದಲನೆಯದು, ಒಣಗುತ್ತಿರುವ ಅಂಜೂರದ ಮರದ ಬುಡದಲ್ಲಿ ಸೇರಿಕೊಂಡ ದೈತ್ಯ ಕಪ್ಪೆಯ ಹೊಟ್ಟೆಯಿಂದ ಬೀಗದಕೈ ತರುವುದು. ಎರಡನೆಯದು, ಮಕ್ಕಳನ್ನು ತಿನ್ನುವ ರಾಕ್ಷಸನ ಮನೆಯಿಂದ ಕಠಾರಿ ತರುವುದು. ಅಲ್ಲಿ ಹಬ್ಬದೂಟ ಬಡಿಸಿಟ್ಟಿರುತ್ತದೆ, ಒಂದು ಅಗುಳನ್ನೂ ಮುಟ್ಟಕೂಡದು. ಮೂರನೆಯದು ಕೊನೆಗೆ.

ಇದರಲ್ಲಿ ಹೊಸದೇನಿದೆ ಎನ್ನುವಿರಾ? ಏನೂ ಇಲ್ಲ. ಮೂರು ಪರೀಕ್ಷೆ, ಮುಟ್ಟಬಾರದ ಊಟ, ಕಳೆದುಹೋದ ರಾಜಕುಮಾರಿ, ಎಲ್ಲವೂ ಲೋಕದ ಹಳೆಯ ಕಥೆಗಳಿಂದ ತಂದವೇ. ಹಳೆಯ ಕಥೆಗಳನ್ನು ಯಾರು, ಯಾವುದಕ್ಕೆ ಬಳಸುತ್ತಾರೆ ಎಂಬುದೇ ಪ್ರಶ್ನೆ. ಮೇಷ್ಟ್ರಿಗೂ ನನಗೂ ಜಗಳ ಇರುವುದು ಇಲ್ಲಿಯೇ.

ನಾವು ಮಕ್ಕಳಿಗೆ ಹೇಳಿಕೊಡುವ ‘ಕೆಂಪು ಟೋಪಿಯ ಹುಡುಗಿ ಮತ್ತು ತೋಳ’ದ ಕಥೆಯನ್ನೇ ತೆಗೆದುಕೊಳ್ಳಿ. ದಾರಿ ಬಿಡಬೇಡ ಎಂದು ಅಮ್ಮ ಹೇಳುತ್ತಾಳೆ, ಹುಡುಗಿ ಬಿಡುತ್ತಾಳೆ, ತೋಳ ಅವಳನ್ನೂ ಅಜ್ಜಿಯನ್ನೂ ನುಂಗುತ್ತದೆ. ಬೇಟೆಗಾರ ಬಂದು ತೋಳದ ಹೊಟ್ಟೆ ಸೀಳಿ ಬಿಡಿಸುತ್ತಾನೆ. ಇನ್ನೆಂದೂ ಅಮ್ಮನ ಮಾತು ಮೀರುವುದಿಲ್ಲ ಎಂದು ಹುಡುಗಿ ನಿಶ್ಚಯಿಸುತ್ತಾಳೆ. ಇದು ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆ. ಅದಕ್ಕೂ ಮುಂಚೆ, 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೊ ಇದನ್ನು ಅಚ್ಚಿಗೆ ತಂದಿದ್ದ. ಅವನ ಕಥೆಯಲ್ಲಿ ಬೇಟೆಗಾರನೂ ಇಲ್ಲ. ತೋಳ ಹುಡುಗಿಯನ್ನು ತಿಂದಿತು, ಕಥೆ ಮುಗಿಯಿತು. ಕೊನೆಯಲ್ಲಿ, ಚೆಲುವೆಯರು ಅಪರಿಚಿತರ ಮಾತಿಗೆ ಕಿವಿಗೊಡಬಾರದೆಂದು ಪದ್ಯದಲ್ಲಿ ನೀತಿ ಬೇರೆ.

ಆದರೆ ಇದೇ ಕಥೆಯನ್ನು ಫ್ರಾನ್ಸಿನ ಹಳ್ಳಿಯ ಜನ ಬಾಯಲ್ಲಿ ಬೇರೆಯಾಗಿ ಹೇಳಿಕೊಂಡು ಬಂದಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನಪದ ಸಂಗ್ರಾಹಕರು ಅದನ್ನು ಬರೆದುಕೊಂಡರು. ಅದರಲ್ಲಿ ಹುಡುಗಿ ಹಾಸಿಗೆಯಲ್ಲಿರುವುದು ಅಜ್ಜಿಯಲ್ಲ ಎಂದು ಅರಿತವಳೇ, ಬಹಿರ್ದೆಸೆಗೆ ಹೋಗಬೇಕು ಎನ್ನುತ್ತಾಳೆ. ತೋಳ ಅವಳ ಕಾಲಿಗೆ ದಾರ ಕಟ್ಟಿ ಹೊರಗೆ ಬಿಡುತ್ತದೆ. ಅವಳು ಆ ದಾರವನ್ನು ಬಿಚ್ಚಿ ಅಂಗಳದ ಮರಕ್ಕೆ ಕಟ್ಟಿ ಮನೆಗೆ ಓಡುತ್ತಾಳೆ. ಬೇಟೆಗಾರನೂ ಬೇಡ, ನೀತಿಯ ಪದ್ಯವೂ ಬೇಡ. ಸ್ವಂತ ಬುದ್ಧಿಯಿಂದ ಪಾರಾದ ಹುಡುಗಿ!

ಗಮನಿಸಿದಿರಾ ಗೆಳತಿಯರೇ? ಜನರ ಬಾಯಲ್ಲಿ ಇದ್ದಾಗ ಹುಡುಗಿ ಜಾಣೆ. ಅಚ್ಚಿನ ಮನೆಗೆ ಹೋದಮೇಲೆ ಒಂದು ಕಡೆ ಹೆಣವಾದಳು, ಇನ್ನೊಂದು ಕಡೆ ವಿಧೇಯಳಾದಳು.

ಇನ್ನೊಂದು ಉದಾಹರಣೆ. ಬಡತನ ತಾಳಲಾರದೆ ಮಕ್ಕಳನ್ನು ಕಾಡಿಗೆ ಬಿಟ್ಟು ಬರುವ ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಕಥೆ. 1812ರ ಮೊದಲ ಮುದ್ರಣದಲ್ಲಿ ಹಾಗೆ ಮಾಡೋಣ ಎನ್ನುವವಳು ಹೆತ್ತ ತಾಯಿಯೇ. ಹೆತ್ತ ತಾಯಿ ಹೀಗೆ ಮಾಡುವುದು ಸರಿಯಲ್ಲವೆಂದು ತೋರಿತೋ ಏನೋ, ಮುಂದಿನ ಮುದ್ರಣಗಳಲ್ಲಿ ಅವಳನ್ನು ಮಲತಾಯಿ ಮಾಡಿದರು. ‘ಸ್ನೋ ವೈಟ್’ ಕಥೆಯಲ್ಲೂ ಹೀಗೆಯೇ ಆಯಿತು. ಹೆಂಡತಿಯ ಮಾತಿಗೆ ಒಪ್ಪಿ ಸ್ವಂತ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋದ ಅಪ್ಪ ಮಾತ್ರ ಕೊನೆಯಲ್ಲಿ ಮಕ್ಕಳನ್ನು ಅಪ್ಪಿಕೊಂಡು ಸುಖವಾಗಿರುತ್ತಾನೆ! ಪಾಪವೆಲ್ಲ ಮಲತಾಯಿಯ ತಲೆಗೆ. ದೆಲ್ ತೊರೊ ಈ ಲೆಕ್ಕವನ್ನು ತಿರುಗಿಸಿದ್ದಾನೆ. ಅವನ ಕಥೆಯಲ್ಲಿ ಮಲತಾಯಿ ಇಲ್ಲ, ಮಲತಂದೆ ಇದ್ದಾನೆ. ಅವನ ಕೈಯಲ್ಲಿ ಮಾಟದ ಕನ್ನಡಿಯಿಲ್ಲ, ಸರ್ಕಾರ ಕೊಟ್ಟ ಬಂದೂಕಿದೆ.

ಸ್ಪೇನ್‌ನಲ್ಲಿ ಆ ಕಾಲಕ್ಕೆ ವಿಧೇಯತೆ ಎನ್ನುವುದು ಬರೀ ಮನೆಯ ಮಾತಾಗಿರಲಿಲ್ಲ, ರಾಜ್ಯದ ಕಾನೂನಾಗಿತ್ತು. ಗಣರಾಜ್ಯದ ಕಾಲದ ಸಾವಿರಾರು ಶಾಲಾ ಮಾಸ್ತರರನ್ನು ಫ್ರಾಂಕೊ ಸರ್ಕಾರ ವಿಚಾರಣೆಗೆ ಒಳಪಡಿಸಿತು. ಎಷ್ಟೋ ಜನರ ಕೆಲಸ ಹೋಯಿತು, ಕೆಲವರ ಪ್ರಾಣವೇ ಹೋಯಿತು. ಪ್ರಾಥಮಿಕ ಶಾಲೆಯಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಒಟ್ಟಿಗೆ ಓದುವುದನ್ನು ನಿಷೇಧಿಸಿದರು. ಆಳುವ ಪಕ್ಷದ ಮಹಿಳಾ ವಿಭಾಗ ಹುಡುಗಿಯರಿಗೆ ಮನೆವಾರ್ತೆಯನ್ನೂ ತಗ್ಗಿ ನಡೆಯುವುದನ್ನೂ ಕಲಿಸುತ್ತಿತ್ತು. ಮದುವೆಯಾದವಳು ನೌಕರಿಗೆ ಸೇರಬೇಕಾದರೆ, ಬ್ಯಾಂಕಿನಲ್ಲಿ ಖಾತೆ ತೆರೆಯಬೇಕಾದರೆ ಗಂಡನ ಅನುಮತಿ ಬೇಕಿತ್ತು. ಆ ಕಾನೂನು ಹೋದದ್ದು 1975ರಲ್ಲಿ, ಫ್ರಾಂಕೊ ಸತ್ತ ವರ್ಷ. ಇದನ್ನು ಬಲ್ಲವರಿಗೆ ಕಾರ್ಮೆನ್‌ಳ ಪಾಡು ಕಟ್ಟುಕಥೆ ಎನಿಸುವುದಿಲ್ಲ.

ಕಾರ್ಮೆನ್‌ಳನ್ನು ನೋಡುವಾಗ ನನಗೆ ನಮ್ಮ ಎಷ್ಟು ಜನ ನೆನಪಾದರೋ! ಕಾರಿನಿಂದಿಳಿದವಳು ನಾನು ನಡೆಯಬಲ್ಲೆ ಎಂದರೂ ಗಂಡ ಗಾಲಿಕುರ್ಚಿ ತರಿಸುತ್ತಾನೆ. ಅವಳು ಸುಮ್ಮನೆ ಕೂರುತ್ತಾಳೆ. ಅತಿಥಿಗಳ ಮುಂದೆ ತಾವಿಬ್ಬರೂ ಭೇಟಿಯಾದ ಕಥೆ ಹೇಳಲು ಹೋದರೆ, ಇಂಥ ಹುಚ್ಚು ಕಥೆ ಯಾರಿಗೆ ಬೇಕೆಂದು ಇವಳಿಗೆ ತಿಳಿಯದು ಎಂಬಂತೆ ಅವಳ ಪರವಾಗಿ ಎಲ್ಲರ ಕ್ಷಮೆ ಕೇಳುತ್ತಾನೆ. ಹುಟ್ಟುವುದು ಗಂಡೇ ಎಂದು ನಿಮಗೆ ಹೇಗೆ ಗೊತ್ತು ಎಂದು ಡಾಕ್ಟರು ಕೇಳಿದರೆ ಆ ಪ್ರಶ್ನೆಯೇ ಅಪರಾಧ. ತಾಯಿ ಮಗು ಇಬ್ಬರಲ್ಲಿ ಒಬ್ಬರನ್ನೇ ಉಳಿಸುವ ಹಾಗಾದರೆ ಮಗುವನ್ನು ಉಳಿಸಿ ಎಂದು ಅಪ್ಪಣೆ ಕೊಡುತ್ತಾನೆ. ಇಷ್ಟಾದರೂ ಕಾರ್ಮೆನ್ ಮಗಳನ್ನು ಓಲೈಸುತ್ತಾಳೆ: ಅವರನ್ನು ಅಪ್ಪಾ ಎಂದು ಕರೆ, ಅದೊಂದು ಬರೀ ಶಬ್ದ ತಾನೆ?

ಬರೀ ಶಬ್ದ! ನಮ್ಮ ಹೆಣ್ಣುಮಕ್ಕಳಿಗೆ ನಾವು ಹೇಳುವುದೂ ಇದನ್ನೇ ಅಲ್ಲವೇ? “ಒಂದು ಮಾತು ಹೂಂ ಅಂದುಬಿಡು, ನಿನ್ನ ಗಂಟೇನು ಹೋಗತ್ತೆ?” ಹೂಂ ಎನ್ನುತ್ತಾ ಎನ್ನುತ್ತಾ ಗಂಟು ಮಾತ್ರವಲ್ಲ, ಗಂಟು ಹೊತ್ತವಳೇ ಕಳೆದುಹೋಗುತ್ತಾಳೆ. ಒಫೇಲಿಯಾ ಆ ಶಬ್ದವನ್ನು ಆಡಲು ಒಪ್ಪುವುದಿಲ್ಲ. ನನ್ನ ಅಪ್ಪ ದರ್ಜಿ, ಈತ ಕ್ಯಾಪ್ಟನ್ ಎನ್ನುತ್ತಾಳೆ. ಶಬ್ದಕ್ಕೆ ಬೆಲೆಯಿದೆ ಎಂದು ಅವಳಿಗೆ ಕಲಿಸಿದ್ದು ಯಾರು? ಅಮ್ಮ ಎಸೆಯಬೇಕು ಎನ್ನುವ ಆ ಕಥೆಪುಸ್ತಕಗಳೇ.

ಅದಿರಲಿ, ಮೇಷ್ಟ್ರ ಮಾತಿಗೆ ಬರುತ್ತೇನೆ. ಅವರ ಮುಖ್ಯ ಸಾಕ್ಷಿ ದ್ರಾಕ್ಷಿ. ರಾಕ್ಷಸನ ಮನೆಯಲ್ಲಿ ಏನನ್ನೂ ತಿನ್ನಬಾರದೆಂದು ಹೇಳಿದ್ದರೂ ಹುಡುಗಿ ಎರಡು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಿದ್ದೆಯಲ್ಲಿದ್ದ ರಾಕ್ಷಸ ಎದ್ದು, ಅವಳ ಜೊತೆ ಬಂದಿದ್ದ ಮೂವರು ಕಿನ್ನರಿಯರಲ್ಲಿ ಇಬ್ಬರನ್ನು ಕಚ್ಚಿ ತಿನ್ನುತ್ತಾನೆ. ಸರಿ, ತಪ್ಪೇ. ಚಿತ್ರ ಅದನ್ನು ಮುಚ್ಚಿಡುವುದಿಲ್ಲ. ಅವಳ ನಾಲಿಗೆಯ ಚಪಲಕ್ಕೆ ಬೇರೆಯವರು ಬೆಲೆ ತೆತ್ತರು.

ಆದರೆ ನಮ್ಮ ಅತ್ತಿಗೆ ಆ ದೃಶ್ಯ ನೋಡುತ್ತಿದ್ದಾಗಲೇ ಹುರುಳಿಕಾಯಿ ಕೆಳಗಿಟ್ಟು ಹೇಳಿದ್ದರು: “ಹಸಿದ ಮಗು ಕಣೇ ಅದು. ಆವತ್ತು ಬಟ್ಟೆ ಕೊಳೆ ಮಾಡಿಕೊಂಡು ಬಂತು ಅಂತ ರಾತ್ರಿ ಊಟ ಹಾಕದೆ ಮಲಗಿಸಿದರಲ್ಲ.” ನಾಲ್ಕನೆಯ ಇಯತ್ತೆ ಓದಿದವರಿಗೆ ಕಂಡದ್ದು ಬಿ.ಎ., ಬಿ.ಎಡ್. ಮಾಡಿದ ನನಗೆ ಕಂಡಿರಲಿಲ್ಲ. ನಿಜ, ಚಿತ್ರದ ಉದ್ದಕ್ಕೂ ಊಟದ ಮಾತಿದೆ. ಹಳ್ಳಿಯ ಜನ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಕ್ಯಾಪ್ಟನ್ ಮಾತ್ರ ಊರಿನ ದೊಡ್ಡವರನ್ನೂ ಪಾದ್ರಿಯನ್ನೂ ಕೂರಿಸಿಕೊಂಡು ಉದ್ದ ಮೇಜಿನ ತುದಿಯಲ್ಲಿ ಔತಣ ನಡೆಸುತ್ತಾನೆ. ಪಾತಾಳದ ರಾಕ್ಷಸನೂ ಹಾಗೆಯೇ ಉದ್ದ ಮೇಜಿನ ತುದಿಯಲ್ಲಿ, ತಾನೂ ತಿನ್ನದೆ ಯಾರಿಗೂ ಕೊಡದೆ, ಊಟ ಕಾಯುತ್ತಾ ಕೂತಿದ್ದಾನೆ. ಅವನ ಮನೆಯ ಮೂಲೆಯಲ್ಲಿ ತಿಂದ ಮಕ್ಕಳ ಪುಟ್ಟ ಬೂಟುಗಳ ರಾಶಿ. ತುಂಬಿದ ಮೇಜಿಟ್ಟು, ಹಸಿದ ಮಗುವಿಗೆ ಮುಟ್ಟಬೇಡ ಎಂದು ಹೇಳುವವರ ಬಗ್ಗೆ ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ದ್ರಾಕ್ಷಿ ತಿಂದ ಹುಡುಗಿ ಮಾತ್ರ ಅವರ ಕಣ್ಣಿಗೆ ಬಿದ್ದಳು.

ಅದೇ ಮನೆಯಲ್ಲಿ ಇನ್ನೊಂದು ಸಂಗತಿಯೂ ನಡೆಯುತ್ತದೆ. ಗೋಡೆಯಲ್ಲಿ ಮೂರು ಪುಟ್ಟ ಬಾಗಿಲು. ಕಿನ್ನರಿಯರು ಒಂದನ್ನು ತೋರಿಸುತ್ತಾರೆ. ಹುಡುಗಿ ಯೋಚಿಸಿ ಬೇರೊಂದಕ್ಕೆ ಕೀಲಿ ಹಾಕುತ್ತಾಳೆ. ಕಠಾರಿ ಇರುವುದು ಅದರಲ್ಲಿಯೇ! ಹೇಳಿದ ಮಾತು ಕೇಳಿದ್ದರೆ ಸಿಗುತ್ತಿತ್ತೇ? ಮೇಷ್ಟ್ರು ಈ ಬಾಗಿಲನ್ನು ನೋಡಲೇ ಇಲ್ಲ.

ಈಗ ಮೂರನೆಯ ಪರೀಕ್ಷೆ. ತಾಯಿ ಹೆರಿಗೆಯಲ್ಲಿ ಸತ್ತಿದ್ದಾಳೆ. ಇನ್ನು ಮುಂದೆ ಪ್ರಶ್ನೆ ಕೇಳದೆ ಹೇಳಿದಂತೆ ನಡೆಯಬೇಕು ಎಂದು ಆ ಮೇಕೆ ಮನುಷ್ಯ ಅವಳಿಂದ ಮಾತು ತೆಗೆದುಕೊಂಡಿದ್ದಾನೆ. ಅವನ ಅಪ್ಪಣೆಯಂತೆ ಎಳೆಯ ತಮ್ಮನನ್ನು ಎತ್ತಿಕೊಂಡು ಅವಳು ಸುತ್ತುದಾರಿಯ ನಡುವಿಗೆ ಬರುತ್ತಾಳೆ. ಪಾತಾಳದ ಬಾಗಿಲು ತೆರೆಯಲು ಮುಗ್ಧ ಜೀವಿಯ ರಕ್ತ ಬೇಕು, ಮಗುವನ್ನು ಕೊಡು, ಒಂದೇ ಒಂದು ತೊಟ್ಟು ಸಾಕು ಎನ್ನುತ್ತಾನೆ. ಹಿಂದಿನಿಂದ ಕ್ಯಾಪ್ಟನ್ ಬಂದೂಕು ಹಿಡಿದು ಬರುತ್ತಿದ್ದಾನೆ. ಮುಂದೆ ರಾಜ್ಯ, ಸಿಂಹಾಸನ, ಸತ್ತ ಅಪ್ಪ ಅಮ್ಮ. ಹುಡುಗಿ ಮಗುವನ್ನು ಎದೆಗವಚಿಕೊಂಡು ಕೊಡುವುದಿಲ್ಲ ಎನ್ನುತ್ತಾಳೆ.

ಕ್ಯಾಪ್ಟನ್ ಮಗುವನ್ನು ಕಿತ್ತುಕೊಂಡು ಅವಳಿಗೆ ಗುಂಡು ಹೊಡೆಯುತ್ತಾನೆ. ನೆಲಕ್ಕೆ ಬಿದ್ದವಳ ಸ್ವಂತ ರಕ್ತ ಹನಿಹನಿಯಾಗಿ ಬಾವಿಗೆ ಇಳಿಯುತ್ತದೆ. ಪಾತಾಳದ ಬಾಗಿಲು ತೆರೆದದ್ದು ಅದಕ್ಕೆ. ಇನ್ನೊಬ್ಬರ ರಕ್ತ ಚೆಲ್ಲಲು ಒಲ್ಲೆ ಎಂದದ್ದೇ ಕೊನೆಯ ಪರೀಕ್ಷೆ, ಅದರಲ್ಲಿ ನೀನು ಗೆದ್ದೆ ಎಂದು ಅಲ್ಲಿ ಅವಳಿಗೆ ಹೇಳುತ್ತಾರೆ.

ಅಂದರೆ ಮೇಷ್ಟ್ರೇ, ಇಡೀ ಚಿತ್ರ ಹೇಳುವುದು ನೀವು ಹೇಳಿದ್ದಕ್ಕೆ ಸರಿಯಾಗಿ ತಿರುಗುಮುರುಗು. ಹೇಳಿದ ಮಾತು ಕೇಳಿದ್ದರೆ ಒಫೇಲಿಯಾ ಸೋಲುತ್ತಿದ್ದಳು. ಹಸಿವಿಗೆ ಸೋತು ಮಾತು ಮೀರಿದ್ದು ಒಂದು, ಇನ್ನೊಂದು ಜೀವ ಉಳಿಸಲು ಮಾತು ಮೀರಿದ್ದು ಇನ್ನೊಂದು. ಇವೆರಡರ ವ್ಯತ್ಯಾಸ ಕಲಿಯಲು ಅವಳಿಗೆ ಮೂರು ಪರೀಕ್ಷೆ ಬೇಕಾದವು. ಎರಡನ್ನೂ ‘ಅವಿಧೇಯತೆ’ ಎಂಬ ಒಂದೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವವರು ನಾವು, ದೊಡ್ಡವರು.

ಚಿತ್ರದಲ್ಲಿ ಇನ್ನಿಬ್ಬರು ಮಾತು ಮೀರುತ್ತಾರೆ. ಒಬ್ಬ ಡಾಕ್ಟರು. ಚಿತ್ರಹಿಂಸೆಯಿಂದ ನರಳುತ್ತಿದ್ದ ಬಂಡುಕೋರನಿಗೆ, ಅವನೇ ಬೇಡಿಕೊಂಡನೆಂದು, ಸುಖವಾದ ಸಾವು ಕೊಡುತ್ತಾನೆ. ನನ್ನ ಅಪ್ಪಣೆ ಏಕೆ ಮೀರಿದೆ ಎಂದು ಕ್ಯಾಪ್ಟನ್ ಕೇಳಿದಾಗ, ಯೋಚನೆಯಿಲ್ಲದೆ ಬರೀ ವಿಧೇಯತೆಗಾಗಿ ವಿಧೇಯರಾಗುವುದು ನಿಮ್ಮಂಥವರಿಗೆ ಮಾತ್ರ ಸಾಧ್ಯ ಎಂಬರ್ಥದ ಮಾತು ಹೇಳಿ ನಡೆದುಹೋಗುತ್ತಾನೆ. ಬೆನ್ನಿಗೆ ಗುಂಡು ಬೀಳುತ್ತದೆ. ಇನ್ನೊಬ್ಬಳು ಮನೆಗೆಲಸದ ಮೆರ್ಸೆದೆಸ್. ಅವಳ ತಮ್ಮ ಕಾಡಿನ ಬಂಡುಕೋರರ ಜೊತೆಗಿದ್ದಾನೆ. ಕ್ಯಾಪ್ಟನ್‌ಗೆ ಅಡುಗೆ ಬಡಿಸುತ್ತಲೇ ಕಾಡಿಗೆ ಔಷಧಿ, ಆಹಾರ ಸಾಗಿಸುತ್ತಾಳೆ. ತರಕಾರಿ ಹೆಚ್ಚುವ ಪುಟ್ಟ ಚಾಕು ಸದಾ ಅವಳ ಏಪ್ರನ್ನಿನ ಮಡಿಕೆಯಲ್ಲಿ. ಸಿಕ್ಕಿಬಿದ್ದಾಗ, ಇವಳು ಬರೀ ಹೆಂಗಸು ಎಂದು ಕಾವಲಿನವನನ್ನು ಕಳಿಸಿ ಕ್ಯಾಪ್ಟನ್ ಒಬ್ಬನೇ ಉಳಿಯುತ್ತಾನೆ. ಅದೇ ಚಾಕುವಿನಿಂದ ಹಗ್ಗ ಕೊಯ್ದು, ಅವನ ಬಾಯಿಯನ್ನು ಕಿವಿಯ ಕಡೆಗೆ ಸೀಳಿ ಅವಳು ಹೊರಬೀಳುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡೆ. ಅತ್ತಿಗೆ ಮುಚ್ಚಲಿಲ್ಲ. ಅಡುಗೆಮನೆಯಲ್ಲಿ ಅರವತ್ತು ವರ್ಷ ಕಳೆದವರು, ಯಾರ ಕಣ್ಣಿಗೂ ಬೀಳದೆ ಬಡಿಸಿದವರು.

ಇಷ್ಟೆಲ್ಲ ಬರೆಯಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರ ಇಲ್ಲ, ಒಂದು ಋಣವಿದೆ.

ಇಪ್ಪತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದೇನೆ. ಕೊನೆಯ ಸಾಲು ಯಾವಾಗಲೂ ‘ಇತಿ ತಮ್ಮ ವಿಧೇಯ ವಿದ್ಯಾರ್ಥಿನಿ’. ಅದು ಬಿಟ್ಟರೆ ಅರ್ಧ ಅಂಕ ಕಡಿತ. ಹದಿನೈದು ವರ್ಷಗಳ ಹಿಂದೆ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಶಾಲಾ ವಾರ್ಷಿಕೋತ್ಸವದ ಆಮಂತ್ರಣವನ್ನು ಊರಿನ ಗಣ್ಯರೊಬ್ಬರ ಮನೆಗೆ ಕೊಟ್ಟು ಬಾ ಎಂದು ಅವಳಿಗೆ ಹೇಳಿದೆ. ಅವರ ಮನೆ ಅವಳ ಬೀದಿಯಲ್ಲೇ ಇತ್ತು. “ನಾನು ಹೋಗಲ್ಲ ಮಿಸ್,” ಎಂದಳು. ಯಾಕೆ ಎಂದೆ. ತಲೆ ತಗ್ಗಿಸಿ ನಿಂತಳು. ಇಡೀ ತರಗತಿಯ ಮುಂದೆ ನನಗೆ ಅವಮಾನವಾದಂತೆ ಅನಿಸಿತು. ಕ್ಷಮಾಪಣೆ ಪತ್ರ ಬರೆಸಿದೆ. ದುಂಡಗಿನ ಅಕ್ಷರದಲ್ಲಿ ಬರೆದು, ಕೊನೆಗೆ ‘ತಮ್ಮ ವಿಧೇಯ ವಿದ್ಯಾರ್ಥಿನಿ’ ಎಂದು ಸಹಿ ಹಾಕಿ, ಲಕೋಟೆ ತೆಗೆದುಕೊಂಡು ಹೋದಳು.

ಮೂರು ವರ್ಷದ ಹಿಂದೆ ಒಂದು ಮದುವೆಮನೆಯಲ್ಲಿ ಸಿಕ್ಕಿದಳು. ಕಂಕುಳಲ್ಲಿ ಹೆಣ್ಣುಮಗು. ಕಾಲಿಗೆ ನಮಸ್ಕಾರ ಮಾಡಿ, ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದಳು: “ಮಿಸ್, ಆವತ್ತು ಯಾಕೆ ಅಂತ ಇನ್ನೊಂದು ಸಲ, ಒಬ್ಬಳನ್ನೇ ಕರೆದು ಕೇಳಿದ್ದಿದ್ದರೆ ಹೇಳ್ತಿದ್ದೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಊಟದ ಎಲೆಯ ಮುಂದೆ ಕೂತವಳಿಗೆ ತುತ್ತು ಇಳಿಯಲಿಲ್ಲ. ತೋಳದ ಮನೆಗೆ ಹುಡುಗಿಯನ್ನು ಕಳಿಸಿದ್ದು ನಾನು. ಅವಳು ದಾರಿ ತಪ್ಪಿರಲಿಲ್ಲ. ಹೇಳಿದ ದಾರಿಯಲ್ಲೇ ನಡೆದು ಹೋಗಿದ್ದಳು.

ಹಾಗಾದರೆ ಮಕ್ಕಳು ಯಾರ ಮಾತೂ ಕೇಳಬಾರದೇ, ಶಾಲೆ ನಡೆಯುವುದು ಹೇಗೆ ಎಂದು ಮೇಷ್ಟ್ರು ಕೇಳಿಯೇ ಕೇಳುತ್ತಾರೆ. ಕೇಳಲಿ. ರಸ್ತೆ ದಾಟುವಾಗ ನಿಲ್ಲು ಎಂದರೆ ನಿಲ್ಲಬೇಕು, ಒಲೆಯ ಹತ್ತಿರ ಬರಬೇಡ ಎಂದರೆ ಬರಬಾರದು. ಆ ಮಾತುಗಳಿಗೆ ‘ಯಾಕೆ’ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿದೆ, ಆ ಉತ್ತರದಲ್ಲಿ ಮಗುವಿನ ಹಿತವಿದೆ. ‘ಯಾಕೆ’ ಎಂದರೆ ಸಿಟ್ಟು ಬರುವ ಅಪ್ಪಣೆಗಳನ್ನು ಮಾತ್ರ ನಾವು ಅನುಮಾನದಿಂದ ನೋಡಬೇಕು. ಹೆಚ್ಚಿನ ಪಾಲು ಅವು ಹೇಳಿದವರ ಹಿತಕ್ಕೇ ಇರುತ್ತವೆ. ಮಗು ‘ಒಲ್ಲೆ’ ಎಂದಾಗ ಒಬ್ಬಳನ್ನೇ ಕರೆದು ಎರಡನೆಯ ಸಲ ‘ಯಾಕೆ’ ಎಂದು ಕೇಳಿದರೆ ಯಾವ ಶಾಲೆಯೂ ಮುಳುಗುವುದಿಲ್ಲ.

ಇನ್ನೊಂದು ಆಕ್ಷೇಪಣೆ ಇದೆ, ಅದು ನ್ಯಾಯವಾದದ್ದು. ಇಷ್ಟು ರಕ್ತ, ಇಷ್ಟು ಹಿಂಸೆ ಇರುವುದನ್ನು ಕಿನ್ನರ ಕಥೆ ಎನ್ನಬಹುದೇ? ಮೊಲ ಹಿಡಿಯಲು ಬಂದ ರೈತನ ಮಗನನ್ನು ಕ್ಯಾಪ್ಟನ್ ಬಾಟಲಿಯಿಂದ ಮುಖಕ್ಕೆ ಜಜ್ಜಿ ಕೊಲ್ಲುವ ದೃಶ್ಯವನ್ನು ನಾನು ಮತ್ತೆ ನೋಡಲಾರೆ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಹೊದಿಕೆಯ ಮೇಲಿನ ಚಿತ್ರ ನೋಡಿ ಮೋಸಹೋಗಬೇಡಿ, ಇದನ್ನು ಮಕ್ಕಳಿಗೆ ಹಾಕಿ ಕೊಡಬೇಡಿ. ಅಮೆರಿಕದಲ್ಲೂ ಇದಕ್ಕೆ ದೊಡ್ಡವರ ಚಿತ್ರವೆಂದೇ ಪ್ರಮಾಣಪತ್ರ ಕೊಟ್ಟಿದ್ದಾರೆ. ಇದು ಮಗುವಿನ ಕಥೆಯಾದರೂ ಪಾಠ ತಾಯಂದಿರಿಗೆ, ಟೀಚರುಗಳಿಗೆ, ಹೆಡ್‌ಮೇಷ್ಟ್ರುಗಳಿಗೆ. ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ನೀವು ನೋಡಿ. ಮರುದಿನ ಅವರಿಗೆ ಕಥೆ ಹೇಳುವಾಗ, ಕಾಲಿನ ದಾರ ಬಿಚ್ಚಿ ಮರಕ್ಕೆ ಕಟ್ಟಿ ಓಡಿಬಂದ ಹುಡುಗಿಯ ಕಥೆ ಹೇಳಿ.

ರಜೆ ಮುಗಿದು ಶಾಲೆ ತೆರೆದ ವಾರ ಏಳನೆಯ ತರಗತಿಗೆ ರಜಾ ಅರ್ಜಿಯ ಪಾಠವಿತ್ತು. ಬೋರ್ಡಿನ ಮೇಲೆ ಮಾದರಿ ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಟ್ಟನೆ ಎದ್ದು ನಿಂತಳು. “ಮಿಸ್, ಕೊನೇಲಿ ‘ವಿಧೇಯ’ ಅನ್ನೋದು ಬಿಟ್ಟುಹೋಗಿದೆ.”

“ಬಿಟ್ಟುಹೋಗಿಲ್ಲ ಕಣಮ್ಮ, ಬೇಕಂತಲೇ ಬಿಟ್ಟಿದ್ದೇನೆ,” ಎಂದೆ.

“ಯಾಕೆ ಮಿಸ್?”

ಸೀಮೆಸುಣ್ಣ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತೆ. ಆವತ್ತು ವ್ಯಾಕರಣದ ಪಾಠ ಆಗಲಿಲ್ಲ.